ಬಂಗಾರಪೇಟೆಯ ಬೇಸಗೆಯೂ ಹಣ್ಣಿನ ತಂಪೂ

ವೈಶಾಖದ ಬಿಸಿಲಿನಲ್ಲಿ ಪ್ರಯಾಣ ಹೊರಡುವವರು ಬೆಟ್ಟದ ತಂಪನ್ನೋ ಕಡಲತಡಿಯ ಗಾಳಿಯನ್ನೋ ಅರಸಿ ಹೋಗುವುದು ಲೋಕರೂಢಿ. ನಾವಾದರೋ ಅದಕ್ಕೆ ವಿರುದ್ಧವಾಗಿ, ಹಣ್ಣುಗಳ ಸುಗ್ಗಿಯನ್ನು ಕಣ್ಣಾರೆ ನೋಡಬೇಕೆಂಬ ಅಪೇಕ್ಷೆಯಿಂದ ಕೋಲಾರದ ಸೀಮೆಗೆ ಹೊರಟೆವು. ಬೆಂಗಳೂರಿನಿಂದ ಪೂರ್ವಕ್ಕೆ ಸಾಗುವ ರೈಲುಬಂಡಿಯಲ್ಲಿ ಕುಳಿತರೆ ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳೂ, ಟೇಕಲ್ಲಿನ ಬಂಡೆಗುಡ್ಡಗಳೂ, ನೀಲಗಿರಿಯ ತೋಪುಗಳೂ ಒಂದಾದಮೇಲೊಂದು ಹಿಂದೆ ಸರಿಯುವುವು. ನಡುನಡುವೆ ಕೆರೆಯ ಏರಿ ಕಾಣುವುದು. ಆದರೆ ಏರಿಯ ಒಳಗಡೆ ನೀರು ಕಾಣುವುದು ವಿರಳ. ಸುಮಾರು ಎಪ್ಪತ್ತು ಕಿಲೋಮೀಟರು ಕಳೆದಮೇಲೆ ಬಂಗಾರಪೇಟೆಯು ಬರುವುದು.

ಈ ಊರಿನ ಹೆಸರನ್ನು ಕೇಳಿದವರು, ಪಕ್ಕದಲ್ಲಿಯೇ ಇರುವ ಚಿನ್ನದ ಗಣಿಗಳಿಂದ ಇದಕ್ಕೆ ಹೆಸರು ಬಂದಿತೆಂದು ಭಾವಿಸುವುದು ಸಹಜ. ಆದರೆ 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ಹೆಸರಿನಿಂದ ಇದು ಮೊದಲು ಬೌರಿಂಗ್‌ಪೇಟೆಯೆನಿಸಿಕೊಂಡಿತ್ತು. ಜನರ ನಾಲಗೆಯಲ್ಲಿ ಬೌರಿಂಗನು ಬಂಗಾರವಾದನು. ರೈಲ್ವೆಯವರು ಮಾತ್ರ ಈ ನಿಲ್ದಾಣಕ್ಕೆ ಹಳೆಯ ಹೆಸರಿನಿಂದ ಹುಟ್ಟಿದ ‘ಬಿ.ಡಬ್ಲ್ಯು.ಟಿ.’ ಎಂಬ ಗುರುತನ್ನೇ ಇಂದಿಗೂ ಉಳಿಸಿಕೊಂಡಿರುವರು. ಮದರಾಸಿನ ಕಡೆಗೆ ಹೋಗುವ ದೊಡ್ಡ ದಾರಿಯೂ, ಗಣಿಗಳಿಗೆ ಹೋಗುವ ಕವಲುದಾರಿಯೂ, ಕೋಲಾರಕ್ಕೆ ಹೋಗುವ ದಾರಿಯೂ ಕೂಡುವ ಸ್ಥಳವಾದುದರಿಂದ ಇಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಭಾಷೆಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವುವು.

ಪೇಟೆಯ ಬೀದಿಯಲ್ಲಿ ನಮ್ಮ ಕಣ್ಣಿಗೆ ಮೊದಲು ಬಿದ್ದುದು ಹಣ್ಣಿನ ರಾಶಿಗಳು. ಕಲ್ಲಂಗಡಿಗಳು ಹುಲ್ಲಿನ ಮೇಲೆ ಗುಡ್ಡೆಯಾಗಿದ್ದುವು. ಕರಬೂಜದ ಪರಿಮಳವು ಇಡೀ ಬೀದಿಗೆ ಹಬ್ಬಿತ್ತು. ರಸಪುರಿ, ಬಾದಾಮಿ, ಸೇಂದೂರ ಮೊದಲಾದ ಮಾವುಗಳು ಬುಟ್ಟಿಗಳಲ್ಲಿ ಕುಳಿತಿದ್ದುವು. ಇವುಗಳಲ್ಲಿ ಬಹುಪಾಲು ಕೋಲಾರ ಜಿಲ್ಲೆಯದೇ ಬೆಳೆ. ಅದರಲ್ಲಿಯೂ ಶ್ರೀನಿವಾಸಪುರ ತಾಲ್ಲೂಕೆಂದರೆ ಮಾವಿನ ತವರು. ಮೆತ್ತಗಾಗಿ ಕಪ್ಪು ಚುಕ್ಕೆಗಳು ಬಿದ್ದಿದ್ದ ಒಂದು ಬುಟ್ಟಿ ರಸಪುರಿಯನ್ನು ಬೇರೆಯಾಗಿ ಇಟ್ಟುಕೊಂಡಿದ್ದ ಮಾರುವಾಕೆಯನ್ನು, “ಇದೇಕಮ್ಮ ಬದಿಗಿಟ್ಟಿದ್ದೀಯೆ?” ಎಂದು ಕೇಳಿದೆವು. “ಇದು ಮಾಗಿ ಮಿತಿಮೀರಿತು ಸ್ವಾಮಿ. ಸಂಜೆಯೊಳಗೆ ಯಾರಾದರೂ ಕಡಮೆ ಬೆಲೆಗೆ ಕೊಂಡರೆ ಸರಿ, ಇಲ್ಲದಿದ್ದರೆ ನಾಳೆ ಹಸುವಿಗೇ ಹಾಕಬೇಕು” ಎಂದಳು. ಆ ಬುಟ್ಟಿಯನ್ನು ನಾವೇ ಕೊಂಡೆವು. ಅದನ್ನು ಏನು ಮಾಡಿದೆವೆಂಬುದನ್ನು ಮುಂದೆ ಹೇಳುವೆವು.

ಬಂಗಾರಪೇಟೆಗೆ ಇನ್ನೊಂದು ಖ್ಯಾತಿಯೂ ಉಂಟು. ಇಲ್ಲಿಯ ಪಾನಿಪುರಿಗೆ ಹಸುರುಬಣ್ಣದ ನೀರನ್ನು ಹಾಕುವುದಿಲ್ಲ. ನೋಡಲು ಬರಿಯ ಕುಡಿಯುವ ನೀರಿನಂತೆ ತಿಳಿಯಾಗಿರುವ, ಆದರೆ ನಾಲಗೆಗೆ ಖಾರವೂ ಹುಳಿಯೂ ಆಗಿರುವ ಪಾನಿಯನ್ನು ತುಂಬುವರು. ಬೆಂಗಳೂರಿನಲ್ಲಿಯೂ ‘ಬಂಗಾರಪೇಟೆ ಪಾನಿಪುರಿ’ ಎಂಬ ಹಲಗೆಗಳನ್ನು ನೋಡಬಹುದು. ತಿಳಿನೀರಿನ ತಿನಿಸಿನಿಂದ ಹೆಸರಾದ ಊರಿರುವುದು ಕುಡಿಯುವ ನೀರಿಗಾಗಿ ತಲೆತಲಾಂತರದಿಂದ ಕಷ್ಟಪಟ್ಟ ಸೀಮೆಯಲ್ಲಿ ಎಂಬುದು ಗಮನಿಸತಕ್ಕ ವಿಷಯ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳನ್ನು ಆಳಕ್ಕೆ ಕೊರೆದಂತೆಲ್ಲ ಅನೇಕ ಹಳ್ಳಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವ ನೀರು ಬಂದಿತು. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ, ಅಂತರ್ಜಲವನ್ನು ಹೆಚ್ಚಿಸುವ ಉದ್ದೇಶದಿಂದ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವರು. ಬಂಗಾರಪೇಟೆ ತಾಲ್ಲೂಕಿನ ಯರಗೋಳಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟೆಯು, ಕೋಲಾರ, ಬಂಗಾರಪೇಟೆ, ಮಾಲೂರುಗಳಿಗೆ ಕುಡಿಯುವ ನೀರನ್ನು ಒದಗಿಸುವುದಕ್ಕಾಗಿ, 2023ರಲ್ಲಿ ಉದ್ಘಾಟನೆಯಾಯಿತು.

ಮರುದಿನ ಬೆಳಗ್ಗೆ 1894ರಲ್ಲಿ ತೆರೆದ ಕವಲುದಾರಿಯಲ್ಲಿ ಚಿನ್ನದ ಗಣಿಗಳ ಕಡೆಗೆ ಸಾಗಿದೆವು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಬಂಡಿಯು ಮಾರಿಕುಪ್ಪಂನಲ್ಲಿ ನಿಲ್ಲುವುದು. ಕಿಟಕಿಯ ಹೊರಗೆ ಬೂದುಬಣ್ಣದ ಚಪ್ಪಟೆಯಾದ ಗುಡ್ಡಗಳು ಕಾಣುವುವು. ಅವು ದೇವರು ಮಾಡಿದ ಗುಡ್ಡಗಳಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಬಂಡೆಯನ್ನು ಅರೆದು, ಚಿನ್ನವನ್ನು ತೆಗೆದುಕೊಂಡು ಬಿಸುಟ ಪುಡಿಯ ರಾಶಿಗಳು. ಊರಿನವರು ಇವನ್ನು ಸೈನೈಡ್ ದಿಬ್ಬಗಳೆನ್ನುವರು. ಬೇಸಗೆಯ ಗಾಳಿಗೆ ಇವುಗಳ ಧೂಳು ಎದ್ದು ಮನೆಗಳೊಳಕ್ಕೆ ನುಗ್ಗುವುದು.

ಹಣ್ಣಿನ ತಿನಿಸಿನ ವಿಷಯವನ್ನು ಹೇಳಹೊರಟವರು ಗಣಿಯ ಮಾತನ್ನೆತ್ತುವುದೇಕೆಂದು ವಾಚಕರು ಕೇಳಬಹುದು. ಕಾರಣವುಂಟು. ಮನೆಯಲ್ಲಿ ಹಣ್ಣನ್ನು ಹೆಪ್ಪುಗಟ್ಟಿಸಬೇಕಾದರೆ ಒಳ್ಳೆಯ ನೀರೂ ಬೇಕು, ವಿದ್ಯುಚ್ಛಕ್ತಿಯೂ ಬೇಕು. ಇವೆರಡೂ ನಮ್ಮ ದೇಶದ ಎಷ್ಟೋ ದೊಡ್ಡ ನಗರಗಳಿಗಿಂತ ಮುಂಚೆಯೇ ಈ ಗಣಿಗಳಿಗೆ ಬಂದುವು. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು ನೂರ ನಲವತ್ತೇಳು ಕಿಲೋಮೀಟರು ತಂತಿಯ ಮೇಲೆ ಬಂದು 1902ರಲ್ಲಿ ಇಲ್ಲಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದುದು ಅದಕ್ಕೆ ಮೂರು ವರ್ಷಗಳ ತರುವಾಯ, 1905ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಸೋಸಿ ಗಣಿಯ ಊರುಗಳಿಗೆ ಒದಗಿಸುವ ಏರ್ಪಾಡಾಯಿತು.

ತಂಪನ್ನು ಯಂತ್ರದಿಂದ ಹುಟ್ಟಿಸುವ ವಿದ್ಯೆಯೂ ಇಲ್ಲಿಗೆ ಬೇಗನೆ ಬಂದಿತು. ಚಾಂಪಿಯನ್ ರೀಫ್ ಗಣಿಯು ಕೊನೆಗೆ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ ಅರವತ್ತು ಡಿಗ್ರಿ ಸೆಲ್ಸಿಯಸ್ಸನ್ನು ಮೀರಿರುವುದು; ಗಾಳಿಯನ್ನು ತಣ್ಣಗೆ ಮಾಡಿ ಇಳಿಸದಿದ್ದರೆ ಮನುಷ್ಯನು ಕೆಲಸ ಮಾಡಲಾರನು. ಆದುದರಿಂದ 1930ರ ದಶಕದಲ್ಲಿಯೇ ಗಾಳಿಯನ್ನು ತಣಿಸುವ ದೊಡ್ಡ ಯಂತ್ರಗಳನ್ನು ಇಲ್ಲಿ ಸ್ಥಾಪಿಸಿದರು. ಆ ಯಂತ್ರದ ತತ್ತ್ವವೂ ಇಂದು ನಮ್ಮ ಅಡಿಗೆಮನೆಯ ಫ್ರಿಜ್ಜಿನ ತತ್ತ್ವವೂ ಒಂದೇ. ಒತ್ತಡಕ್ಕೆ ಸಿಕ್ಕಿ ದ್ರವವಾದ ವಸ್ತುವು ಮತ್ತೆ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುವುದು.

ಆದರೆ ಆ ತಂಪು ಚಿನ್ನಕ್ಕಾಗಿ ಬಂದುದೇ ಹೊರತು ಕೂಲಿಯವನ ಮನೆಗೆ ಬಂದುದಲ್ಲ. ನಮ್ಮ ದೇಶದಲ್ಲಿ ಮಂಜುಗಡ್ಡೆಯು ಬಹುಕಾಲ ಸಿರಿವಂತರ ಸೊತ್ತಾಗಿಯೇ ಇತ್ತು. 1833ರಲ್ಲಿ ಅಮೆರಿಕಾದ ಕೆರೆಗಳಲ್ಲಿ ಕಡಿದ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದರು. ಮದರಾಸಿನಲ್ಲಿ ಅದನ್ನು ಕೂಡಿಡಲು 1842ರಲ್ಲಿ ಕಟ್ಟಿದ ಐಸ್‌ಹೌಸ್ ಇಂದಿಗೂ ಕಡಲತಡಿಯಲ್ಲಿ ನಿಂತಿದೆ. ಬಳಿಕ ಯಂತ್ರದಿಂದ ಮಂಜುಗಡ್ಡೆಯನ್ನು ಮಾಡುವ ಕಾರ್ಖಾನೆಗಳು ಹುಟ್ಟಿ ಆ ವ್ಯಾಪಾರವು ನಿಂತುಹೋಯಿತು. ಆದರೂ ಸಾಮಾನ್ಯ ಸಂಸಾರಕ್ಕೆ ಮಣ್ಣಿನ ಮಡಕೆಯ ತಂಪೇ ತಂಪಾಗಿತ್ತು.

ಗಣಿಯ ಕಾರ್ಮಿಕರ ಸಾಲುಮನೆಯೊಂದರಲ್ಲಿ ನಮಗೆ ಪರಿಚಯದವರಿದ್ದರು. ಮನೆಯವರೆಲ್ಲರೂ ‘ಪಾಟಿ’ ಎಂದು ಕರೆಯುವ ಅಜ್ಜಿಯ ಯಜಮಾನರು ಮೂವತ್ತು ವರ್ಷ ಭೂಮಿಯ ಒಳಗೆ ದುಡಿದು ಕಾಲವಾದವರು. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಅವರ ಮಗನು, ಈ ಊರಿನ ಸಾವಿರಾರು ಜನರಂತೆ, ಕತ್ತಲಿನಲ್ಲೇ ಎದ್ದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವವನಾದನು. ಆ ಸಂಪಾದನೆಯಿಂದ ಕೊಂಡ ಒಂದು ಫ್ರಿಜ್ಜು ಮನೆಯ ಮೂಲೆಯಲ್ಲಿತ್ತು. ನಾವು ತಂದ ಮಾವಿನ ಬುಟ್ಟಿಯನ್ನು ಕಂಡು ಪಾಟಿಯು ನಕ್ಕು, “ಅವರು ಶಿಫ್ಟು ಮುಗಿಸಿ ಮೇಲೆ ಬಂದರೆ ಮೈಯೆಲ್ಲಾ ಬೆಂದಂತೆ ಇರುತ್ತಿತ್ತಪ್ಪ. ಮಡಕೆಯ ಮಜ್ಜಿಗೆ ಒಂದೇ ನಾನು ಕೊಡಬಹುದಾಗಿದ್ದುದು. ಈಗ ಪೆಟ್ಟಿಗೆ ಉಂಟು, ಕುಡಿಯುವವರು ಇಲ್ಲ. ಇರಲಿ, ಮೊಮ್ಮಕ್ಕಳು ಉಂಟಲ್ಲ, ಅವರಿಗೆ ಮಾಡೋಣ” ಎಂದರು. ಆ ಮಧ್ಯಾಹ್ನ ಆ ಅಡಿಗೆಮನೆಯಲ್ಲಿ ನಾವೆಲ್ಲರೂ ಕೂಡಿ ಮಾಡಿದ ತಿನಿಸುಗಳ ಕ್ರಮವನ್ನು ನಮ್ಮ ಸೋದರಿಯರಿಗಾಗಿ ಇಲ್ಲಿ ಬರೆಯುವೆವು. ಇವುಗಳಿಗೆ ವಿಶೇಷ ಯಂತ್ರವೇನೂ ಬೇಡ; ಒಂದು ಅಗಲವಾದ ಸ್ಟೀಲ್ ತಟ್ಟೆ, ಒಂದು ಮುಳ್ಳುಚಮಚ, ಕೆಲವು ಚಿಕ್ಕ ಲೋಟಗಳು, ಮಿಕ್ಸಿ ಅಥವಾ ಕಡೆಗೋಲು ಇದ್ದರೆ ಸಾಕು.

ಮೊದಲನೆಯದು ಮಾವಿನ ಐಸು. ಚೆನ್ನಾಗಿ ಮಾಗಿದ ರಸಪುರಿ ಹಣ್ಣುಗಳನ್ನು ತೊಳೆದು ಹಿಂಡಿ, ನಾರನ್ನು ಸೋಸಿ, ಅರ್ಧ ಕಿಲೋಗ್ರಾಂ ತಿರುಳನ್ನು ತೆಗೆದುಕೊಳ್ಳತಕ್ಕದ್ದು. ಅದಕ್ಕೆ ಸುಮಾರು 80 ಗ್ರಾಂ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ ಸೇರಿಸಿ ಸಕ್ಕರೆಯು ಪೂರ್ಣವಾಗಿ ಕರಗುವವರೆಗೆ ಕಲಸಬೇಕು. ಇದನ್ನು ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಸುರಿದು ಫ್ರಿಜ್ಜಿನ ಮೇಲ್ಭಾಗದ ಫ್ರೀಜರಿನಲ್ಲಿ ಇಡುವುದು. ಒಂದು ಗಂಟೆಯಾದ ಮೇಲೆ ಅಂಚು ಗಟ್ಟಿಯಾಗಿರುವುದು. ಆಗ ಮುಳ್ಳುಚಮಚದಿಂದ ಅಂಚನ್ನು ಕೆರೆದು ನಡುವಿಗೆ ತಂದು ಕಲಸಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ನಾಲ್ಕು ಸಲ ಮಾಡಿದರೆ ಮೃದುವಾದ ಐಸು ಸಿದ್ಧವಾಗುವುದು. ಕಾಯಿಸಿ ಅರ್ಧಕ್ಕೆ ಇಳಿಸಿ ಆರಿಸಿದ ಒಂದು ಲೋಟ ಹಾಲನ್ನು ಕೂಡಿಸಿ ಲೋಟಗಳಲ್ಲಿ ಹೆಪ್ಪುಗಟ್ಟಿಸಿದರೆ ಮಾವಿನ ಕುಲ್ಫಿಯಾಗುವುದು. ಹಾಲು ಸೇರಿಸುವುದಾದರೆ ನಿಂಬೆಯ ರಸವನ್ನು ಬಿಡತಕ್ಕದ್ದು.

ಎರಡನೆಯದು ಕಲ್ಲಂಗಡಿಯ ಐಸು. ಒಂದು ಕಿಲೋಗ್ರಾಂ ಕೆಂಪು ತಿರುಳಿನ ಬೀಜವನ್ನು ತೆಗೆದು, ಕಿವುಚಿ ಸೋಸಿ, ಆ ರಸಕ್ಕೆ 100 ಗ್ರಾಂ ಸಕ್ಕರೆ, ಒಂದು ನಿಂಬೆಯ ರಸ, ಚಿಟಿಕೆ ಉಪ್ಪು, ಬೇಕಾದರೆ ಸ್ವಲ್ಪ ಕರಿಮೆಣಸಿನ ಪುಡಿ ಸೇರಿಸಬೇಕು. ಕಲ್ಲಂಗಡಿಯಲ್ಲಿ ನೀರಿನ ಅಂಶವೇ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಆದುದರಿಂದ ಇದು ಮಾವಿನಂತೆ ನುಣ್ಣಗಾಗದೆ ಹರಳುಹರಳಾಗುವುದು. ಆ ಹರಳಿನಲ್ಲಿಯೇ ಇದರ ರುಚಿಯಿದೆ. ಇದನ್ನು ಕಲಸುವುದಕ್ಕಿಂತ ಕೆರೆದು ಪುಡಿಮಾಡಿ ಬಟ್ಟಲಿಗೆ ತುಂಬಿ ಕೊಡುವುದೇ ಚೆನ್ನ.

ಮೂರನೆಯದು ಕರಬೂಜದ ರಸಾಯನ. ರಾಮನವಮಿಯ ದಿನ ಕರಬೂಜಕ್ಕೆ ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡುವ ವಾಡಿಕೆಯು ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಅದನ್ನೇ ಗಟ್ಟಿಯಾಗಿ ಮಾಡುವುದು. ಅರ್ಧ ಕಿಲೋಗ್ರಾಂ ತಿರುಳನ್ನು ಮಸೆದು, ಅದರಲ್ಲಿಯೇ 100 ಗ್ರಾಂ ಪುಡಿಬೆಲ್ಲವನ್ನು ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ, ಹಣ್ಣಿನ ರಸದಲ್ಲಿ ಬೆಲ್ಲವು ತಾನೇ ಕರಗುವುದು. ಬೆಲ್ಲದ ಕಸವು ಉಳಿಯದಂತೆ ಸೋಸಿ, ಏಲಕ್ಕಿ ಹಾಕಿ, ಚಿಕ್ಕ ಲೋಟಗಳಲ್ಲಿ ತುಂಬಿ ಹೆಪ್ಪುಗಟ್ಟಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾದುದು. ಸಿಪ್ಪೆ ಕಪ್ಪಾಗುತ್ತ ಬಂದ ನಾಲ್ಕೈದು ಬಾಳೆಹಣ್ಣುಗಳನ್ನು ಸುಲಿದು ಬಿಲ್ಲೆಗಳಾಗಿ ಹೆಚ್ಚಿ, ಒಂದಕ್ಕೊಂದು ಅಂಟದಂತೆ ತಟ್ಟೆಯಲ್ಲಿ ಹರಡಿ, ಕಲ್ಲಿನಂತಾಗುವವರೆಗೆ ಇಡುವುದು. ಬಳಿಕ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮೊದಲು ಪುಡಿಯಾಗಿ, ಅನಂತರ ಬೆಣ್ಣೆಯಂತಾಗುವುದು. ಹಾಲೂ ಬೇಡ, ಸಕ್ಕರೆಯೂ ಬೇಡ. ಇದನ್ನು ಮಾಡಿದ ಕೂಡಲೆ ತಿನ್ನತಕ್ಕದ್ದು.

ಈ ಕ್ರಮಗಳ ಮರ್ಮವನ್ನು ತಿಳಿದರೆ ಯಾವ ಹಣ್ಣಿನಿಂದಲಾದರೂ ಐಸು ಮಾಡಬಹುದು. ಬರಿಯ ನೀರು ಹೆಪ್ಪುಗಟ್ಟಿದರೆ ಕಲ್ಲಾಗುವುದು. ಸಕ್ಕರೆಯು ನೀರು ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಸಿಹಿಯು ಹೆಚ್ಚಾದಷ್ಟೂ ಐಸು ಮೃದು. ಸಿಹಿ ತೀರ ಹೆಚ್ಚಾದರೆ ಅದು ಗಟ್ಟಿಯಾಗುವುದೇ ಇಲ್ಲ. ಬಾಯಿಗೆ ಹಾಕಿಕೊಂಡಾಗ ತಣ್ಣಗಿರುವ ಪದಾರ್ಥದ ಸಿಹಿ ಕಡಮೆಯಾಗಿ ತೋರುವುದರಿಂದ, ಹೆಪ್ಪುಗಟ್ಟುವ ಮೊದಲು ರುಚಿ ನೋಡಿದಾಗ ಸ್ವಲ್ಪ ಹೆಚ್ಚು ಸಿಹಿಯೆನಿಸುವಂತಿರಬೇಕು. ಇನ್ನು ಆಗಾಗ ಕೆರೆದು ಕಲಸುವುದೇಕೆಂದರೆ, ಅಲುಗಾಡದೆ ಇಟ್ಟ ರಸದಲ್ಲಿ ಹರಳುಗಳು ದೊಡ್ಡವಾಗಿ ಬೆಳೆಯುವುವು. ಕಲಸಿದರೆ ಅವು ಚೂರಾಗಿ ಸಣ್ಣವಾಗಿಯೇ ಉಳಿಯುವುವು. ಅತಿಯಾಗಿ ಮಾಗಿದ ಹಣ್ಣೇ ಇದಕ್ಕೆ ಶ್ರೇಷ್ಠ, ಏಕೆಂದರೆ ಅದರಲ್ಲಿ ಸಿಹಿಯೂ ಪರಿಮಳವೂ ಹೆಚ್ಚು. ಆದರೆ ಮಾಗಿದುದು ಬೇರೆ, ಕೊಳೆತುದು ಬೇರೆ. ಹುಳಿತ ವಾಸನೆ ಬಂದುದನ್ನೂ ಬೂಷ್ಟು ಹಿಡಿದುದನ್ನೂ ದೂರವಿಡಬೇಕು.

ಫ್ರಿಜ್ಜಿಲ್ಲದ ಮನೆಯವರು ನಿರಾಶರಾಗಬೇಕಾದುದಿಲ್ಲ. ಮೂರು ಪಾಲು ಪುಡಿಮಾಡಿದ ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪನ್ನು ಬೆರಸಿದರೆ, ಉಪ್ಪಿನಿಂದ ಮಂಜುಗಡ್ಡೆಯು ಕರಗತೊಡಗುವುದು. ಕರಗುವುದಕ್ಕೆ ಬೇಕಾದ ಬಿಸಿಯನ್ನು ಅದು ಸುತ್ತಲಿನಿಂದಲೇ ಎಳೆದುಕೊಳ್ಳುವುದರಿಂದ, ಆ ಮಿಶ್ರಣದ ಶೈತ್ಯವು ಸೊನ್ನೆಗಿಂತ ಇಪ್ಪತ್ತು ಡಿಗ್ರಿಯಷ್ಟು ಕೆಳಕ್ಕೂ ಇಳಿಯಬಲ್ಲುದು. ಒಂದು ಬಕೀಟಿನಲ್ಲಿ ಈ ಮಿಶ್ರಣವನ್ನು ತುಂಬಿ, ಹಣ್ಣಿನ ರಸವಿರುವ ಮುಚ್ಚಳದ ಡಬ್ಬಿಯನ್ನು ನಡುವೆ ಹುದುಗಿಸಿ, ಅರ್ಧ ಗಂಟೆ ತಿರುಗಿಸುತ್ತ, ನಡುನಡುವೆ ತೆರೆದು ಕಲಸುತ್ತ ಬಂದರೆ ಐಸು ಸಿದ್ಧವಾಗುವುದು. 1843ರಲ್ಲಿ ಅಮೆರಿಕಾದ ನ್ಯಾನ್ಸಿ ಜಾನ್ಸನ್ ಎಂಬಾಕೆಯು ಸನ್ನದು ಪಡೆದ ಕೈಯಂತ್ರವು ಇದೇ ತತ್ತ್ವದ್ದು. ಉಪ್ಪುನೀರು ಡಬ್ಬಿಯೊಳಕ್ಕೆ ಸೇರದಂತೆ ನೋಡಿಕೊಳ್ಳಬೇಕು. ಮಕ್ಕಳು ಆ ಮಿಶ್ರಣಕ್ಕೆ ಬರಿಗೈಯಿಕ್ಕಬಾರದು, ಚರ್ಮವು ಕಂದಬಹುದು.

ಮೇಲೆ ಹೇಳಿದ ನಾಲ್ಕರಲ್ಲಿ ಒಂದಕ್ಕಾದರೂ ನಾವು ನೀರನ್ನು ಸೇರಿಸಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಅದು ರುಚಿಗಾಗಿ ಮಾತ್ರವಲ್ಲ. ಶೈತ್ಯದಿಂದ ಕ್ರಿಮಿಗಳು ಸಾಯುವುವೆಂಬ ತಪ್ಪು ತಿಳಿವಳಿಕೆ ಎಷ್ಟೋ ಜನರಲ್ಲಿದೆ. ಹೆಪ್ಪುಗಟ್ಟಿದ ನೀರಿನಲ್ಲಿ ರೋಗದ ಕ್ರಿಮಿಗಳು ಅನೇಕವು ನಿದ್ರಿಸುತ್ತಿರುವುವೇ ಹೊರತು ಸಾಯುವುದಿಲ್ಲ. ಕರಗಿದೊಡನೆ ಮತ್ತೆ ಎಚ್ಚರಗೊಳ್ಳುವುವು. ಬೀದಿಯಲ್ಲಿ ಗಂಟೆ ಬಾರಿಸುತ್ತ ಬರುವ ಬಣ್ಣದ ಐಸ್‌ಕ್ಯಾಂಡಿಯು ಯಾವ ನೀರಿನದೋ ತಿನ್ನುವ ಮಗುವಿಗೆ ತಿಳಿಯದು. ಮೀನನ್ನು ಕೆಡದಂತೆ ಇಡಲು ಮಾಡಿದ ಮಂಜುಗಡ್ಡೆಯು ಪಾನಕದ ಲೋಟಕ್ಕೆ ಬೀಳಬಾರದು. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವುವು, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುವುದು. ಇಂತಹ ಸೀಮೆಯಲ್ಲಿ ಹಣ್ಣು ತನ್ನೊಳಗೆ ಇಟ್ಟುಕೊಂಡಿರುವ ನೀರೇ ಬಹಳ ಮಟ್ಟಿಗೆ ನಂಬತಕ್ಕ ನೀರು. ಹಣ್ಣಿನ ಹೊರಮೈಯನ್ನೂ ಕೈಗಳನ್ನೂ ಪಾತ್ರೆಗಳನ್ನೂ ಒಳ್ಳೆಯ ನೀರಿನಿಂದ ತೊಳೆದರೆ ಮಿಕ್ಕ ಕೆಲಸವನ್ನು ಹಣ್ಣೇ ಮಾಡುವುದು. ವಿದ್ಯುತ್ತು ಹೋಗಿ ಕರಗಿದ ಐಸನ್ನು ಮತ್ತೆ ಹೆಪ್ಪುಗಟ್ಟಿಸಿ ತಿನ್ನಬಾರದು. ಸಕ್ಕರೆಯ ಕಾಯಿಲೆಯುಳ್ಳವರು ಬಾಳೆ, ಮಾವುಗಳನ್ನು ಅಳತೆಯರಿತು ತಿನ್ನತಕ್ಕದ್ದು.

ಬೇಸಗೆಯು ಮುಗಿಯುತ್ತ ಬಂದಾಗ ಈ ಜಿಲ್ಲೆಯಲ್ಲಿ ತೋತಾಪುರಿಯ ಕಾಲ. ಈ ಹಣ್ಣು ಬಹುಮಟ್ಟಿಗೆ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು. ಆ ಕಾರ್ಖಾನೆಗಳು ಬಹಳವಾಗಿ ಗಡಿಯಾಚೆ ಚಿತ್ತೂರು ಸೀಮೆಯಲ್ಲಿವೆ. 2025ರ ಜೂನ್ ತಿಂಗಳಲ್ಲಿ ಬೆಲೆ ಕುಸಿದು, ಚಿತ್ತೂರು ಜಿಲ್ಲೆಯು ಕರ್ನಾಟಕದ ತೋತಾಪುರಿಯನ್ನು ಒಳಗೆ ಬಿಡಲು ನಿರಾಕರಿಸಿದಾಗ ಇಲ್ಲಿಯ ಬೆಳೆಗಾರರು ಬಹಳ ಸಂಕಟಪಟ್ಟರು; ಶ್ರೀನಿವಾಸಪುರದಲ್ಲಿ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ವರ್ಷವೆಲ್ಲ ಕಾದು ಬೆಳೆದ ಹಣ್ಣು ಕೀಳುವ ಕೂಲಿಯನ್ನೂ ತರದೆಹೋದರೆ ರೈತನ ಮನೆಯಲ್ಲಿ ಏನಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ. ನಮ್ಮ ನಿಮ್ಮ ಮನೆಯ ಒಂದು ತಟ್ಟೆ ಐಸಿನಿಂದ ಅಂತಹ ಕಷ್ಟವು ತೀರಲಾರದು. ಆದರೂ ಅಂಗಡಿಯ ಬಣ್ಣದ ಪೊಟ್ಟಣಕ್ಕೆ ಕೊಡುವ ಹಣವನ್ನು ಹಣ್ಣಿನ ಬುಟ್ಟಿಯವಳಿಗೆ ಕೊಟ್ಟರೆ, ಅದರಲ್ಲಿ ಒಂದು ಪಾಲಾದರೂ ತೋಟಕ್ಕೆ ಹಿಂದಿರುಗುವುದು. ತೋತಾಪುರಿಯ ತಿರುಳಿಗೆ ಹುಳಿ ಇರುವುದರಿಂದ ನಿಂಬೆಯನ್ನು ಬಿಟ್ಟು ಸಕ್ಕರೆಯನ್ನು ಸ್ವಲ್ಪ ಹೆಚ್ಚಿಸಿದರೆ ಸೊಗಸಾದ ಐಸಾಗುವುದು. ತಿರುಳನ್ನು ಡಬ್ಬಿಗಳಲ್ಲಿ ಹಾಗೆಯೇ ಹೆಪ್ಪುಗಟ್ಟಿಸಿಟ್ಟರೆ, ಫ್ರೀಜರು ನಿಲ್ಲದೆ ನಡೆಯುವ ಮನೆಗಳಲ್ಲಿ, ಮಾವಿಲ್ಲದ ತಿಂಗಳುಗಳಲ್ಲಿಯೂ ಮಕ್ಕಳಿಗೆ ಕೊಡಬಹುದು.

ಚಿನ್ನವು ಈ ನೆಲದಿಂದ ಹೊರಟು ದೂರದ ದೇಶಗಳಿಗೆ ಹೋಯಿತು. ಅದನ್ನು ಅಗೆದವರಿಗೆ ಉಳಿದುದು ಬೂದುಬಣ್ಣದ ದಿಬ್ಬಗಳು. ಮಾವು, ಕರಬೂಜ, ಕಲ್ಲಂಗಡಿಗಳಾದರೋ ವರ್ಷವರ್ಷವೂ ಈ ನೆಲವೇ ಮತ್ತೆ ಕೊಡುವ ಸಂಪತ್ತು. ಗಣಿಯ ಆಳಕ್ಕೆ ಮಾತ್ರ ದೊರೆಯುತ್ತಿದ್ದ ಯಂತ್ರದ ತಂಪು ಈಗ ಸಾಲುಮನೆಯ ಮೂಲೆಗೂ ಬಂದಿರುವಾಗ, ಅದರಲ್ಲಿ ನಿನ್ನೆಯ ಸಾರನ್ನು ಮಾತ್ರ ಇಟ್ಟುಕೊಂಡಿರುವುದು ತರವಲ್ಲ. ನಮ್ಮ ಸೋದರಿಯರು ಈ ಬೇಸಗೆಯಲ್ಲಿ, ಸಂಜೆಯ ಪೇಟೆಯಲ್ಲಿ ಉಳಿದ ಮಾಗಿದ ಹಣ್ಣನ್ನು ಕೊಂಡುತಂದು, ಮಕ್ಕಳ ಕೈಯಲ್ಲಿಯೇ ಮುಳ್ಳುಚಮಚವನ್ನು ಕೊಟ್ಟು, ಒಂದು ತಟ್ಟೆ ಐಸು ಮಾಡಿನೋಡಲಿ. ಪಾಟಿಯ ಮೊಮ್ಮಕ್ಕಳು ಆ ಮಧ್ಯಾಹ್ನ ಅರ್ಧ ಗಂಟೆಗೊಮ್ಮೆ ಫ್ರಿಜ್ಜಿನ ಬಾಗಿಲಿಗೆ ಓಡಿದ ಉತ್ಸಾಹವನ್ನು ನೋಡಿದ ನಮಗೆ, ಬಿಸಿಲಿನ ನೆನಪಿಗಿಂತ ಆ ನೆನಪೇ ಹೆಚ್ಚಾಗಿ ಉಳಿದಿದೆ.